ನರದ ಸಿಗ್ನಲ್ ಓದುವ ಮೊದಲು ಗ್ರಾಫ್ ಮುಚ್ಚಿಡಿ

ಪಿಯುಸಿ ಆಗಲಿ, ನರ್ಸಿಂಗ್ ಆಗಲಿ, ನರದ ಪಾಠ ಬಂದ ಕೂಡಲೇ ಎಲ್ಲರೂ ಗ್ರಾಫಿನ ಆ ಏರಿ ಇಳಿಯುವ ಗೆರೆಯನ್ನು, ಅಂದರೆ ಸಿಗ್ನಲ್ ಹೋಗುವಾಗ ನರದೊಳಗಿನ ವೋಲ್ಟೇಜ್ ಬದಲಾಗುವುದನ್ನು ತೋರಿಸುವ ಗೆರೆಯನ್ನು, ಬಾಯಿಪಾಠ ಮಾಡುತ್ತಾರೆ. ನಾನೂ ಮಾಡಿದ್ದೆ. ವೈವಾದಲ್ಲಿ "ಗೆರೆ ಇಲ್ಲಿ ಯಾಕೆ ಇಳಿಯಿತು?" ಅಂದಾಗ "ಪಂಪ್‌ನಿಂದ" ಅಂದೆ. ಅದು ತಪ್ಪು ಉತ್ತರ, ಇವತ್ತಿಗೂ ತುಂಬಾ ಜನ ಅದನ್ನೇ ಹೇಳುತ್ತಾರೆ.

ಹಾಗಾಗಿ ಗ್ರಾಫ್ ಆಮೇಲೆ. ಒಂದು ಹಾಳೆ, ಕೆಂಪು ಪೆನ್ನು, ನೀಲಿ ಪೆನ್ನು ತಗೊಳ್ಳಿ.

ಹಾಳೆಯ ನಡುವೆ ಅಡ್ಡಕ್ಕೆ ಜೋಡಿ ಗೆರೆ ಎಳೆಯಿರಿ. ಇದು ಜೀವಕೋಶದ ಪೊರೆ, ಎರಡು ಪದರದ ಕೊಬ್ಬು. ಚಾರ್ಜ್ ಇರುವ ಅಯಾನು ಇದನ್ನು ಸುಮ್ನೆ ದಾಟಲಾರದು, ಬಾಗಿಲು ಬೇಕು. ಆ ಬಾಗಿಲೇ ಚಾನೆಲ್. ಈಗ ಕೆಂಪಿನಲ್ಲಿ ಸೋಡಿಯಂ ಬರೆಯಿರಿ: ಹೊರಗೆ 145, ಒಳಗೆ ಸುಮಾರು 12. ನೀಲಿಯಲ್ಲಿ ಪೊಟ್ಯಾಸಿಯಂ: ಒಳಗೆ 140, ಹೊರಗೆ 4. ಎಲ್ಲವೂ ಲೀಟರಿಗೆ ಇಷ್ಟು ಮಿಲಿಮೋಲ್ ಅನ್ನುವ ಲೆಕ್ಕ. ಬಾಯಿಪಾಠ ಮಾಡಲೇಬೇಕು ಅಂದರೆ ಈ ನಾಲ್ಕು ಅಂಕಿ ಮಾಡಿ, ಉಳಿದದ್ದು ತಾನಾಗಿ ಬರುತ್ತದೆ.

ಈ ವ್ಯತ್ಯಾಸವನ್ನು ಕಾಪಾಡುವುದು ಪಂಪ್, ಪೊರೆಯಲ್ಲೇ ಕೂತಿರುವ ಒಂದು ಪ್ರೋಟೀನ್. ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ 3 ಸೋಡಿಯಂ ಹೊರಗೆ ಹಾಕುತ್ತದೆ, 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು 1957ರಲ್ಲಿ ಏಡಿಯ ಕಾಲಿನ ನರದಲ್ಲಿ ಕಂಡುಕೊಂಡರು, ನೊಬೆಲ್ ಬಂದಿದ್ದು 1997ರಲ್ಲಿ.

ಸುಮ್ಮನಿರುವ ನರದಲ್ಲಿ ಮುಖ್ಯವಾಗಿ ಪೊಟ್ಯಾಸಿಯಂ ಬಾಗಿಲು ಸ್ವಲ್ಪ ತೆರೆದಿರುತ್ತದೆ. ನೀಲಿ ಹೊರಗೆ ಜಾರುತ್ತದೆ, ಜೊತೆಗೆ ಪ್ಲಸ್ ಚಾರ್ಜ್ ಹೋಗುತ್ತದೆ, ಒಳಗೆ ಮೈನಸ್ ಉಳಿಯುತ್ತದೆ. ಸುಮಾರು −70 ಮಿಲಿವೋಲ್ಟ್.

ಇಲ್ಲಿಂದ ಮುಂದೆ ಪ್ರತಿ ಹಂತದಲ್ಲೂ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಯಾವ ಬಾಗಿಲು ತೆರೆಯಿತು? ಯಾವ ಬಣ್ಣ ಎತ್ತ ಹೋಯಿತು? ಏನೋ ಒಂದು ಪ್ರಚೋದನೆಯಿಂದ ವೋಲ್ಟೇಜ್ −55ರ ಹತ್ತಿರ ಬಂದರೆ ಹೊಸ್ತಿಲು ದಾಟಿದಂತೆ. ಸೋಡಿಯಂ ಬಾಗಿಲುಗಳು ತೆರೆಯುತ್ತವೆ, ಕೆಂಪು ಒಳಗೆ ನುಗ್ಗುತ್ತದೆ, ಅದು ನುಗ್ಗಿದ್ದರಿಂದಲೇ ಪಕ್ಕದ ಬಾಗಿಲುಗಳೂ ತೆರೆಯುತ್ತವೆ, ಒಂದು ಮಿಲಿಸೆಕೆಂಡಿನ ಒಳಗೆ ಗೆರೆ +30 ಮುಟ್ಟುತ್ತದೆ. ಆಮೇಲೆ ಆ ಬಾಗಿಲು ತಾನಾಗಿ ಬೀಗ ಹಾಕಿಕೊಳ್ಳುತ್ತದೆ. ಅಷ್ಟರಲ್ಲಿ ಪೊಟ್ಯಾಸಿಯಂನ ಇನ್ನಷ್ಟು ಬಾಗಿಲು ತೆರೆದು ನೀಲಿ ಹೊರಗೆ ಹರಿಯುತ್ತದೆ. ಗೆರೆ ಇಳಿಯುವುದು ಇದರಿಂದ, ಪಂಪ್‌ನಿಂದ ಅಲ್ಲ. ಒಂದು ಸಿಗ್ನಲ್‌ಗೆ ದಾಟುವ ಅಯಾನು ಎಷ್ಟು ಕಮ್ಮಿ ಅಂದರೆ, ದಪ್ಪ ನರದಲ್ಲಿ ಪಂಪ್ ನಿಲ್ಲಿಸಿದರೂ ಸಾವಿರಾರು ಸಿಗ್ನಲ್ ಹೋಗುತ್ತವೆ. ಬ್ರಿಟನ್ನಿನ ವಿಜ್ಞಾನಿಗಳಾದ ಹಾಜ್ಕಿನ್ ಮತ್ತು ಹಕ್ಸ್ಲಿ 1952ರಲ್ಲಿ ಈ ಬಾಗಿಲುಗಳ ಲೆಕ್ಕ ಹಾಕಿದ್ದು ಸ್ಕ್ವಿಡ್‌ನ ನರದಲ್ಲಿ. ನಮ್ಮ ಕರಾವಳಿಯವರು ಬೊಂಡಾಸ್ ಅನ್ನುತ್ತಾರಲ್ಲ, ಅದೇ ಜಾತಿಯ ಜೀವಿ. ಅದರ ಒಂದು ಆಕ್ಸಾನ್ (ನರಕೋಶದ ಉದ್ದನೆಯ ತಂತು) ಅರ್ಧ ಮಿಲಿಮೀಟರಿಗಿಂತ ಜಾಸ್ತಿ ದಪ್ಪ ಇರುವುದರಿಂದ ಒಳಗೆ ತಂತಿ ತೂರಿಸಲು ಆಯಿತು.

ವೇಗ ತಿಳಿಯಲು ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ಎಡವಿದ್ದು ನೆನಪಿಸಿಕೊಳ್ಳಿ. ಮೊದಲು ತಾಗಿದ್ದು ಗೊತ್ತಾಗುತ್ತದೆ, ಹಿಂದೆಯೇ ಚುರುಕ್ ಅನ್ನುವ ನೋವು. ಅರೆಕ್ಷಣ ಬಿಟ್ಟು, ಹಲ್ಲು ಕಚ್ಚಿ ಕೂರುವಂಥ ಮಂದ ನೋವು ಏರಿಬರುತ್ತದೆ, ಅಲ್ವಾ? ಚುರುಕ್ ನೋವಿನ ತಂತುಗಳಿಗೆ ಮಯಲಿನ್ ಹೊದಿಕೆ ಇದೆ, ಸಿಗ್ನಲ್ ಸಂದಿನಿಂದ ಸಂದಿಗೆ ಜಿಗಿಯುತ್ತದೆ, ಸೆಕೆಂಡಿಗೆ 5ರಿಂದ 30 ಮೀಟರ್. ಮಂದ ನೋವಿನವಕ್ಕೆ ಹೊದಿಕೆ ಇಲ್ಲ, ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಕಾಲಿನ ಉದ್ದ ಹೆಚ್ಚುಕಮ್ಮಿ ಒಂದು ಮೀಟರ್. ಲೆಕ್ಕ ನೀವೇ ಹಾಕಿ.

ಈಗ ಪುಸ್ತಕ ನೋಡದೆ ಗ್ರಾಫ್ ಬರೆಯಿರಿ. ಬಂತಾ? ಹಾಗಾದರೆ ಎರಡು ಪರೀಕ್ಷೆ. ಹಲ್ಲಿನ ಡಾಕ್ಟರು ಕೊಡುವ ಲಿಡೋಕೇನ್ ಸೋಡಿಯಂ ಬಾಗಿಲು ಮುಚ್ಚುತ್ತದೆ: ಹಾಳೆಯಲ್ಲಿ ಕೆಂಪು ಬಾಣ ಅಳಿಸಿ, ಗೆರೆ ಎಲ್ಲಿ ನಿಲ್ಲುತ್ತದೆ ನೋಡಿ. ಎರಡನೆಯದು, ಹೊರಗಿನ ಪೊಟ್ಯಾಸಿಯಂ 4 ಇದ್ದದ್ದನ್ನು 7 ಮಾಡಿ. ನೀಲಿ ಹೊರಗೆ ಜಾರುವುದು ಕಡಿಮೆಯಾಗಿ, −70 ಇದ್ದ ಗೆರೆ ಮೇಲಕ್ಕೆ ಸರಿಯುತ್ತದೆ. ಕಿಡ್ನಿ ಕೈಕೊಟ್ಟವರ ರಕ್ತದಲ್ಲಿ ಈ ಅಂಕಿ ಕಂಡರೆ ಡಾಕ್ಟರು ತಕ್ಷಣ ಇಸಿಜಿ ಮಾಡಿಸುತ್ತಾರೆ, ಯಾಕೆಂದರೆ ಹೃದಯದ ಕೋಶಗಳಿಗೂ ಇವೇ ಬಾಗಿಲುಗಳಿವೆ.