ಮೀನುಪೇಟೆಯ ನೀಲಿ, ಜಾತ್ರೆಯ ಕೆಂಪು: ಬೀದಿಚಿತ್ರದಲ್ಲಿ ಬಣ್ಣ ಉಳಿಸುವುದೋ, ತೆಗೆಯುವುದೋ

ಕಾರವಾರದ ಮೀನುಪೇಟೆಯಲ್ಲಿ ಬೆಳಗಿನ ಹೊತ್ತು ತೆಗೆದ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದರೆ ಮೊದಲು ಕಣ್ಣಿಗೆ ಹೊಡೆಯುವುದು ನೀಲಿ ಟಾರ್ಪಾಲು. ನೆತ್ತಿಯ ಮೇಲೆ ಅದೇ, ಪಕ್ಕದ ಪ್ಲಾಸ್ಟಿಕ್ ಬುಟ್ಟಿಯೂ ನೀಲಿ. ಮಾರುವವರ ಹಣೆಗೆ ಮೇಲಿನಿಂದ ನೀಲಿ ಬೆಳಕು, ಕೆನ್ನೆಗೆ ಬದಿಯಿಂದ ಬಿಸಿಲು. ನೋಡಿದ ಕೂಡಲೇ ‘ಕಪ್ಪು-ಬಿಳುಪು ಮಾಡಿಬಿಡೋಣ’ ಅನ್ನಿಸುತ್ತದೆ. ಬಣ್ಣ ಕಾಟ ಕೊಡುತ್ತಿದೆ ಎಂಬುದೊಂದೇ ಕಾರಣಕ್ಕೆ ನಾನು ಹಾಗೆ ಮಾಡುವುದಿಲ್ಲ. ಬಣ್ಣ ಹೋದ ಮೇಲೆ ಉಳಿಯುವ ಬೂದು ಛಾಯೆಗಳು ಒಂದರಿಂದ ಇನ್ನೊಂದು ಬೇರೆಯಾಗಿ ಕಾಣುತ್ತವೆಯೇ ಎಂದು ಮೊದಲು ನೋಡುತ್ತೇನೆ. ಕಾಣದಿದ್ದರೆ ಬಣ್ಣದ ಗಲಾಟೆ ಹೋಗಿ ಬೂದಿಯ ಗುಡ್ಡೆ ಬರುತ್ತದೆ, ಅಷ್ಟೇ.

ಇದಕ್ಕೆ ಕಾರಣ ಸರಳ. ನಾವು ಬಳಸುವ ಸಾಮಾನ್ಯ ಪರದೆಯ ಲೆಕ್ಕದಲ್ಲಿ ಹೊಳಪಿಗೆ ಹಸಿರಿನ ಪಾಲು ಸುಮಾರು 72%, ಕೆಂಪಿನದು 21%, ನೀಲಿಯದು 7%. ಹೀಗಾಗಿ ಅಪ್ಪಟ ಹಳದಿ ಹೆಚ್ಚುಕಡಿಮೆ ಬಿಳಿಯಾಗುತ್ತದೆ, ಅಪ್ಪಟ ನೀಲಿ ಕಪ್ಪಿನ ಹತ್ತಿರ ಹೋಗುತ್ತದೆ. ಕೆಂಪು ಸೀರೆಯೂ ಕಡುಹಸಿರು ಕುಪ್ಪಸವೂ ಕಣ್ಣಿಗೆ ಎಷ್ಟೇ ದೂರದವಾದರೂ ಒಂದೇ ಬೂದಾಗಿ ಬೆಸೆದುಕೊಳ್ಳಬಹುದು. ಹೂವಿನಂಗಡಿಯಲ್ಲಿ ಮಲ್ಲಿಗೆ ಮಾಲೆಯ ಪಕ್ಕ ಹಳದಿ ಸೇವಂತಿಗೆ ಇಟ್ಟಿದ್ದರೆ ಎರಡೂ ಒಂದೇ. ಯಾವುದನ್ನು ಯಾವುದು ನುಂಗುತ್ತದೆ ಎಂಬ ಅಂದಾಜು ಕಣ್ಣಿಗೆ ಬಂದರೆ ಅರ್ಧ ಕೆಲಸ ಮುಗಿಯಿತು.

ನಾನು ರಾ ಫೈಲಿನಲ್ಲೇ, ಅಂದರೆ ಕ್ಯಾಮೆರಾ ಹಿಡಿದ ಮಾಹಿತಿಯನ್ನೆಲ್ಲ ತಿದ್ದದೆ ಇಟ್ಟುಕೊಳ್ಳುವ ಫೈಲಿನಲ್ಲೇ, ತೆಗೆಯುತ್ತೇನೆ. ಕ್ಯಾಮೆರಾದ ಪಿಕ್ಚರ್ ಸ್ಟೈಲ್ ಮಾನೋಕ್ರೋಮ್ ಇಟ್ಟರೆ ಹಿಂದಿನ ಪರದೆಯಲ್ಲಿ ಕಪ್ಪು-ಬಿಳುಪು ಕಾಣುತ್ತದೆ, ರಾ ಫೈಲಿನಲ್ಲಿ ಬಣ್ಣ ಪೂರ್ತಿ ಉಳಿದಿರುತ್ತದೆ. ಜೆಪೆಗ್ ಮಾತ್ರ ಇಟ್ಟುಕೊಂಡು ಹೀಗೆ ಮಾಡಿದರೆ ಹೋದ ಬಣ್ಣ ಹೋಯಿತು, ಮರಳಿ ಬಾರದು. ಮೊಬೈಲಿನವರು ಫಿಲ್ಟರ್ ಹಾಕಿ ತೆಗೆಯುವ ಮುನ್ನ ಇದನ್ನು ನೆನಪಿಡಬೇಕು.

ಚಿತ್ರ ತಿದ್ದುವ ಲೈಟ್‌ರೂಮ್ ಕ್ಲಾಸಿಕ್ ಸಾಫ್ಟ್‌ವೇರಿನಲ್ಲಿ ಮೊದಲು ಎಕ್ಸ್‌ಪೋಶರ್ (ಒಟ್ಟು ಬೆಳಕು), ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ಕಾಣಿಸುವ ಹೊಂದಾಣಿಕೆ) ಎರಡನ್ನೇ ಸರಿಪಡಿಸಿಕೊಳ್ಳುತ್ತೇನೆ. ಆಮೇಲೆ ಚಿತ್ರವನ್ನು ಹೆಬ್ಬೆಟ್ಟಿನ ಗಾತ್ರಕ್ಕೆ ಇಳಿಸಿ ವಿ ಕೀ ಒತ್ತುತ್ತೇನೆ. ಒತ್ತಿದರೆ ಕಪ್ಪು-ಬಿಳುಪು, ಮತ್ತೆ ಒತ್ತಿದರೆ ಬಣ್ಣ. ಎರಡರಲ್ಲೂ ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದು ಗಮನಿಸುತ್ತೇನೆ. ಬಣ್ಣದಲ್ಲಿ ಬುಟ್ಟಿಗೆ ಹೋಗಿ, ಕಪ್ಪು-ಬಿಳುಪಿನಲ್ಲಿ ಮೀನು ಕೊಯ್ಯುವ ಕೈಗೆ ಹೋದರೆ ಒಂದು ಸುಳಿವು ಸಿಕ್ಕಂತೆ. ಆಟೋ ಮಿಕ್ಸ್ ಆಯ್ಕೆಯನ್ನು ಪ್ರಿಫರೆನ್ಸಸ್‌ನಲ್ಲಿ ತೆಗೆದುಹಾಕಿರುತ್ತೇನೆ. ಅದು ತಾನೇ ಛಾಯೆಗಳನ್ನು ಹೊಂದಿಸಿ ತೋರಿಸಿದರೆ ಚಿತ್ರದ ನಿಜವಾದ ಶಕ್ತಿ ಗೊತ್ತಾಗುವುದಿಲ್ಲ.

ತೀರ್ಮಾನ ಆಗದೆ ಉಳಿದವಕ್ಕೆ ವರ್ಚುವಲ್ ಕಾಪಿ (ಅದೇ ಫೈಲಿನ ಇನ್ನೊಂದು ರೂಪ) ಮಾಡಿ, ಎರಡಕ್ಕೂ ಐದೈದು ನಿಮಿಷ ಕೊಡುತ್ತೇನೆ. ಕಪ್ಪು-ಬಿಳುಪನ್ನು ಚೆನ್ನಾಗಿ ತಿದ್ದಿ, ಬಣ್ಣದ್ದನ್ನು ಹಾಗೇ ಬಿಟ್ಟು ಹೋಲಿಸುವವರೇ ಹೆಚ್ಚು. ಹಾಗೆ ಹೋಲಿಸಿದರೆ ಗೆಲ್ಲುವುದು ತಿದ್ದಿದ ಚಿತ್ರ. ಬಣ್ಣ ಬೇಕಿತ್ತೋ ಬೇಡವಾಗಿತ್ತೋ ಅದರಿಂದ ಗೊತ್ತಾಗುವುದಿಲ್ಲ. ಎರಡನ್ನೂ ತಿದ್ದಿ, ಒಂದು ರಾತ್ರಿ ಬಿಟ್ಟು, ಮರುದಿನ ಲೈಬ್ರರಿಯಲ್ಲಿ ಎನ್ ಒತ್ತಿ ಅಕ್ಕಪಕ್ಕ ನೋಡುತ್ತೇನೆ.

ಈಗ ಆ ಟಾರ್ಪಾಲಿಗೆ ಬರೋಣ. ನೀಲಿ ಬೆಳಕಿನಡಿ ಚರ್ಮದ ಬಣ್ಣ ಕಿತ್ತಳೆಯಲ್ಲಿ ಇರುವುದಿಲ್ಲ, ನೇರಳೆಯ ಕಡೆಗೆ ಜಾರಿರುತ್ತದೆ. ಅದೇ ಸ್ಥಿತಿಯಲ್ಲಿ ಕಪ್ಪು-ಬಿಳುಪಿಗೆ ತಿರುಗಿಸಿ ಒಂದೊಂದು ಬಣ್ಣವನ್ನು ಬೂದಿನಲ್ಲಿ ತಿಳಿ ಅಥವಾ ಕಡು ಮಾಡುವ ಮಿಕ್ಸರಿನ ಕಿತ್ತಳೆ ಸ್ಲೈಡರ್ ಎಳೆದರೆ ಮುಖ ಅಲ್ಲಾಡುವುದೇ ಇಲ್ಲ. ‘ಸಾಫ್ಟ್‌ವೇರ್ ಕೆಲಸ ಮಾಡುತ್ತಿಲ್ಲ’ ಎಂದು ನೇರಳೆಯನ್ನು ಎಳೆದರೆ ಮುಖದ ಮೇಲೆ ಕಲೆಕಲೆ ಏಳುತ್ತದೆ. ಮಿಕ್ಸರ್ ಕೆಲಸ ಮಾಡುವುದು ವೈಟ್ ಬ್ಯಾಲೆನ್ಸ್ ಆದ ಮೇಲಿನ ಬಣ್ಣದ ಮೇಲೆ. ಆದ್ದರಿಂದ ಬಣ್ಣದಲ್ಲಿದ್ದಾಗಲೇ ಟೆಂಪರೇಚರ್ ಏರಿಸಿ ಚರ್ಮವನ್ನು ಕಿತ್ತಳೆಗೆ ತಂದು, ಆಮೇಲೆ ತಿರುಗಿಸಬೇಕು. ಆಗ ಕಿತ್ತಳೆ +15ರಿಂದ +25 ಕೊಟ್ಟರೆ ಮುಖ ತಿಳಿಯಾಗುತ್ತದೆ. ನೀಲಿಯನ್ನು −30ಕ್ಕಿಂತ ಕೆಳಗೆ ನಾನು ಇಳಿಸುವುದಿಲ್ಲ. −70, −80ಕ್ಕೆ ಹೋದರೆ ಟಾರ್ಪಾಲಿನಲ್ಲಿ ಕಾಳುಕಾಳು ನಾಯ್ಸ್ ಎದ್ದು, ಅದರ ಅಂಚಿಗೆ ತಾಗಿದ ತಲೆಗೂದಲ ಸುತ್ತ ಬಿಳಿಗೆರೆ ಬರುತ್ತದೆ. ಜೆಪೆಗ್‌ನಲ್ಲಾದರೆ ಚೌಕಚೌಕದ ಗುರುತೂ ಕಾಣುತ್ತದೆ.

ಬಂಗಡೆಯ ಬೆನ್ನಿನ ಪಟ್ಟೆ, ಒದ್ದೆ ನೆಲದ ಹೊಳಪು, ಕತ್ತಿಯ ಅಂಚು, ಇವೆಲ್ಲ ಮೊದಲೇ ಬೆಳಕು-ನೆರಳಿನ ವಸ್ತುಗಳು. ಚಿತ್ರ ಅವುಗಳ ಮೇಲೆ ನಿಂತಿದ್ದರೆ ಕಪ್ಪು-ಬಿಳುಪೇ ಸರಿ. ಆದರೆ ಮೇ ತಿಂಗಳಲ್ಲಿ ಅಂಕೋಲೆಯ ಪೇಟೆಯಲ್ಲಿ ಮಾವಿನ ಬುಟ್ಟಿ ಇಟ್ಟು ಕೂತವರ ಚಿತ್ರ ಹಾಗಲ್ಲ. ಹಣ್ಣು ಯಾವುದು, ದೋರೆಗಾಯಿ ಯಾವುದು ಎಂದು ಹೇಳುವುದೇ ಬಣ್ಣ. ಕೊಳ್ಳುವವರ ಕೈ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದದ್ದು ಏಕೆ ಎಂಬುದು ಅದರಿಂದಲೇ ತಿಳಿಯುತ್ತದೆ. ಇಲ್ಲಿನ ಹಾಲಕ್ಕಿ ಸಮುದಾಯದ ಹೆಂಗಸರ ಕೊರಳು ತುಂಬಿದ ಮಣಿಸರವೂ ಹಾಗೇ. ಅಲ್ಲಿ ಬಣ್ಣ ತೆಗೆಯುವುದೆಂದರೆ ಅವರು ಆರಿಸಿ ಪೋಣಿಸಿದ್ದನ್ನು ಅಳಿಸಿದಂತೆ. ಅವರನ್ನು ಕೇಳಿಯೇ ಕ್ಯಾಮೆರಾ ಎತ್ತಬೇಕು ಎಂಬುದು ಬೇರೆ ಮಾತಾದರೂ ಹೇಳಲೇಬೇಕಾದ ಮಾತು. ನಮ್ಮ ದೇಶದ ಬೀದಿಗಳನ್ನು ಬಣ್ಣದಲ್ಲೇ ನೋಡಬೇಕೆಂದು ಹಟ ಹಿಡಿದು ಕೊನೆಯವರೆಗೂ ಹಾಗೇ ಕೆಲಸ ಮಾಡಿದ ಛಾಯಾಗ್ರಾಹಕ ರಘುಬೀರ್ ಸಿಂಗ್ ಅವರ ಚಿತ್ರಗಳನ್ನು ಒಮ್ಮೆ ನೋಡಿ. ಬಣ್ಣ ತೆಗೆದರೆ ಅವುಗಳ ಕಟ್ಟೇ ಕುಸಿಯುತ್ತದೆ.

ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ತೊಂದರೆ ಕೊಡುವುದು ಕೆಂಪು. ಬಿಸಿಲಲ್ಲಿ ಕೆಂಪು ಸೀರೆ ತೆಗೆದಾಗ ಒಟ್ಟು ಹೊಳಪಿನ ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಎಂದು ತೋರಿಸುವ ನಕ್ಷೆ) ಸರಿಯಾಗೇ ಕಾಣುತ್ತದೆ, ಆದರೆ ಕೆಂಪು ಚಾನೆಲ್ ಬಲಗೋಡೆಗೆ ಬಡಿದು ಬಟ್ಟೆಯ ನೆರಿಗೆ ಮಾಯವಾಗಿರುತ್ತದೆ. ಕ್ಯಾಮೆರಾದಲ್ಲಿ ಮೂರೂ ಬಣ್ಣದ ಹಿಸ್ಟೋಗ್ರಾಂ ಹಾಕಿಕೊಂಡು ಬೆಳಕನ್ನು ⅔ ಸ್ಟಾಪ್ ಕಡಿಮೆ ಇಟ್ಟು ತೆಗೆಯುವುದು ಒಳ್ಳೆಯದು. ಬಳೆ ಅಂಗಡಿಯ ಕೆಂಪು, ಹಸಿರು ಗಾಜಿನ ಬಳೆಗಳನ್ನು ಕಪ್ಪು-ಬಿಳುಪಿನಲ್ಲಿ ಬೇರ್ಪಡಿಸಲು ಕೆಂಪು +30, ಹಸಿರು −35 ಕೊಡಬಹುದು. ಆದರೆ ಅದೇ ಚೌಕಟ್ಟಿನಲ್ಲಿ ಬಳೆ ತೊಡುವವರ ಮುಖ ಇದ್ದರೆ ಹಣೆಯ ಕುಂಕುಮ ಮಾಸಿ ಚರ್ಮದಲ್ಲಿ ಸೇರಿಹೋಗುತ್ತದೆ. ಇದನ್ನು ಎಷ್ಟೋ ಒಳ್ಳೆಯ ಚಿತ್ರಗಳಲ್ಲಿ ಕಂಡಿದ್ದೇನೆ. ಮುಖಕ್ಕೆ ಕಿತ್ತಳೆ ಮಾತ್ರ ಏರಿಸಿ, ಕೆಂಪನ್ನು −10ರಿಂದ −20ರಲ್ಲಿ ಇಟ್ಟರೆ ಕುಂಕುಮ ನಿಲ್ಲುತ್ತದೆ. ಬಳೆಯೂ ಬೇಕು, ಕುಂಕುಮವೂ ಬೇಕು ಎಂದರೆ ಆ ಚಿತ್ರ ಬಣ್ಣದಲ್ಲೇ ಇರಲಿ.

ರಾತ್ರಿ ಜಾತ್ರೆ ನಡೆಯುವ ಬಿಡಕಿಬಯಲಿನ ಸುತ್ತಲಿನ ನೇರಳೆ, ನೀಲಿ ಎಲ್‌ಇಡಿ ಬೆಳಕು ಮುಖದ ಮೇಲೆ ಬಿದ್ದಿದ್ದರೆ ಮಾತ್ರ ಕಪ್ಪು-ಬಿಳುಪು ನಿಜವಾಗಿ ನೆರವಿಗೆ ಬರುತ್ತದೆ. ಆ ಬಣ್ಣವನ್ನು ವೈಟ್ ಬ್ಯಾಲೆನ್ಸ್ ತಿದ್ದಲಾರದು. ಚಿತ್ರದಲ್ಲಿ ದೀಪದ ಮಿನುಗಿನಿಂದ ಅಡ್ಡಪಟ್ಟಿ ಬಿದ್ದಿದ್ದರೆ ಕಪ್ಪು-ಬಿಳುಪೂ ಪೂರ್ತಿ ನೆರವಾಗದು. ನಮ್ಮ ವಿದ್ಯುತ್ತು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗ 1/500 ಸೆಕೆಂಡಿನಲ್ಲಿ ತೆಗೆದರೆ ಪಟ್ಟಿ ಬೀಳುತ್ತದೆ. ಪಟ್ಟಿಯ ಬಣ್ಣ ಹೋದರೂ ಹೊಳಪಿನ ಏರಿಳಿತ ಉಳಿಯುತ್ತದೆ. 1/100 ಅಥವಾ 1/50 ಇಟ್ಟುಕೊಳ್ಳಿ.

ಕಾರವಾರದ ಟ್ಯಾಗೋರ್ ಕಡಲತೀರದ ಸಂಜೆಗೆ ಹೆಚ್ಚು ಹೇಳುವುದಿಲ್ಲ. ಆ ಬಂಗಾರದ ಬಣ್ಣ ಯಾರು ನಿಂತರೂ ಬೀಳುತ್ತದೆ. ಬಣ್ಣ ತೆಗೆದ ಮೇಲೂ ನಿಂತವರ ಭಂಗಿ ಚೆನ್ನಾಗಿದ್ದರೆ ಚಿತ್ರ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡ ಸೇರಿರುವಾಗ, ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದ ಬೆಳಕು ಮೆತ್ತಗೆ, ನೆರಳೇ ಇಲ್ಲ. ಆಗ ಕಪ್ಪು-ಬಿಳುಪು ಸಪ್ಪೆಯಾಗುತ್ತದೆ, ದೋಣಿಯ ಮಾಸಿದ ಬಣ್ಣವೂ ಪಾಚಿಯೂ ಚಿತ್ರವನ್ನು ಹಿಡಿದು ನಿಲ್ಲಿಸುತ್ತವೆ. ಹಸಿರಿನ ಸ್ಯಾಚುರೇಶನ್ ಮಾತ್ರ −20 ಇಳಿಸುತ್ತೇನೆ.

ಹತ್ತು ಚಿತ್ರಗಳ ಸರಣಿಯಾದರೆ ಒಂದೊಂದಕ್ಕೆ ಒಂದೊಂದು ತೀರ್ಮಾನ ಬೇಡ. ಎಲ್ಲವನ್ನೂ ಎರಡು ಸಾಲಿನಲ್ಲಿ ಹರಡಿ, ಬಣ್ಣವಿಲ್ಲದೆ ಸಾಯುವ ಚಿತ್ರ ಎರಡೋ ಮೂರೋ ಇದ್ದರೆ ಇಡೀ ಸರಣಿ ಬಣ್ಣದಲ್ಲಿ. ಒಂದೇ ಇದ್ದರೆ ಅದನ್ನು ಹೊರಗಿಡುತ್ತೇನೆ. ಮುದ್ರಣಕ್ಕೆ ಕೊಡುವಾಗ ಕಪ್ಪು-ಬಿಳುಪನ್ನು ಲ್ಯಾಬಿನವರು ಬಣ್ಣದ ಚಿತ್ರ ಮುದ್ರಿಸುವ ಕಾಗದದ ಮೇಲೇ ತೆಗೆಯುತ್ತಾರೆ; ಬೂದು ಬಣ್ಣಕ್ಕೆ ಹಸಿರು ಇಲ್ಲವೇ ಕೆನ್ನೇರಳೆ ಛಾಯೆ ಹತ್ತಬಹುದು. ಮೊದಲು ಒಂದು 4×6 ತೆಗೆಸಿ, ಹಗಲು ಬೆಳಕಿನಲ್ಲಿ ಬಿಳಿ ಹಾಳೆಯ ಪಕ್ಕ ಹಿಡಿದು ನೋಡಿ, ಆಮೇಲೆ ದೊಡ್ಡದಕ್ಕೆ ಹೇಳಿ.