ಮೊದಲ ಕ್ಯಾಮೆರಾ ಕೊಳ್ಳುವುದು ಹೇಗೆ? ಲೆನ್ಸ್ ಮೊದಲು, ಬಾಡಿ ಆಮೇಲೆ

ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಹತ್ತು ಜನರನ್ನು ಕೇಳಿ, ಹತ್ತು ಮಾಡೆಲ್ ಹೆಸರು ಬರುತ್ತದೆ. ಹೆಚ್ಚಿನವರು ತಮ್ಮ ಹತ್ತಿರ ಇರುವುದನ್ನೇ ಹೇಳುತ್ತಾರೆ, ಅಷ್ಟೇ. ನೀವು ಯಾವುದರ ಫೋಟೊ ತೆಗೆಯುತ್ತೀರಿ ಅಂತ ಕೇಳುವವರು ಕಡಿಮೆ. ಶುರು ಮಾಡಬೇಕಾದದ್ದು ಮಾತ್ರ ಅಲ್ಲಿಂದಲೇ.

ಮೊದಲು ನಿಮ್ಮ ಫೋನ್ ನೋಡಿ

ಫೋನಿನ ಗ್ಯಾಲರಿ ತೆರೆಯಿರಿ. ಸೆಲ್ಫಿ, ಸ್ಕ್ರೀನ್‌ಶಾಟ್, ಫಾರ್ವರ್ಡ್ ಎಲ್ಲ ಬಿಟ್ಟು, ಬೇಕು ಅಂತಲೇ ನಿಂತು ತೆಗೆದ ಫೋಟೊಗಳನ್ನು ಮಾತ್ರ ನೋಡುತ್ತಾ ಹೋಗಿ. ಅದರಲ್ಲಿ ಜಾಸ್ತಿ ಇರುವುದೇನು, ಮತ್ತು ಫೋನ್ ಎಲ್ಲಿ ಕೈಕೊಟ್ಟಿದೆ? ಹಕ್ಕಿ ಬರೀ ಚುಕ್ಕೆಯಾಗಿ ಕಾಣುತ್ತಿದೆಯಾ, ಓಡುವ ಮಗು ಮಸುಕಾಗಿದೆಯಾ, ಸಂಜೆಯ ಮಂದ ಬೆಳಕಲ್ಲಿ ಮುಖದ ವಿವರವೆಲ್ಲ ಅಳಿಸಿಹೋಗಿದೆಯಾ? ಈ ಮೂರಕ್ಕೂ ಮದ್ದು ಬೇರೆ ಬೇರೆ. ಫೋನ್ ಎಲ್ಲೂ ಕೈಕೊಟ್ಟಿಲ್ಲ ಅಂದರೆ ಇನ್ನೂ ಸ್ವಲ್ಪ ದಿನ ಕಾಯಿರಿ, ಅವಸರವೇನಿಲ್ಲ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಅಷ್ಟರಲ್ಲಿ ಶಟರ್ ಸ್ಪೀಡ್ (ಬೆಳಕು ಎಷ್ಟು ಹೊತ್ತು ಒಳಬರಬೇಕು) ಮತ್ತು ಐಎಸ್ಒ (ಬಂದ ಬೆಳಕನ್ನು ಎಷ್ಟು ಹಿಗ್ಗಿಸಬೇಕು) ಜೊತೆ ಆಟವಾಡಿ. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ, ಬದಲಾಯಿಸಲು ಆಗುವುದಿಲ್ಲ. ಅದೊಂದನ್ನು ಕ್ಯಾಮೆರಾದಲ್ಲೇ ಕಲಿಯಬೇಕು.

ಲೆನ್ಸ್ ಲೆಕ್ಕ

ಕ್ಯಾಮೆರಾ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಕೆಲವೇ ವರ್ಷಗಳಲ್ಲಿ ಹಳೆಯದಾಗುತ್ತದೆ. ಒಳ್ಳೆಯ ಲೆನ್ಸ್ ಆಗುವುದಿಲ್ಲ. ಹಾಗಾಗಿ ಹಣ ಸುರಿಯುವುದಿದ್ದರೆ ಲೆನ್ಸ್ ಮೇಲೆ ಸುರಿಯಿರಿ. ದುಬಾರಿ ಬಾಡಿಯ ಮೇಲೆ ಸಾಧಾರಣ ಲೆನ್ಸ್ ಹಾಕಿ ತಿರುಗುವವರಿಗಿಂತ, ಸಾಧಾರಣ ಬಾಡಿಯ ಮೇಲೆ ಒಳ್ಳೆಯ ಲೆನ್ಸ್ ಹಾಕಿದವರ ಫೋಟೊ ಯಾವಾಗಲೂ ಒಂದು ಕೈ ಮೇಲು.

ಬಾಡಿ ಜೊತೆ ಬರುವ 18-55 ಎಂಎಂ ಕಿಟ್ ಲೆನ್ಸನ್ನು ಕೆಲವರು ಸುಮ್ನೆ ಬೈಯುತ್ತಾರೆ. (ಎಂಎಂ ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ.) ಹಗಲಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೊಂದರೆ ಬರುವುದು ಬೆಳಕು ಕಡಿಮೆಯಾದಾಗ. ಅದರ ಮೇಲೆ 3.5-5.6 ಅಂತ ಬರೆದಿರುತ್ತದೆ, ಅಂದರೆ 55ಕ್ಕೆ ಜೂಮ್ ಮಾಡಿದರೆ ಅಪರ್ಚರ್ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಜೂಮ್ ಇಲ್ಲದ 50 ಎಂಎಂ ಎಫ್ 1.8 ಲೆನ್ಸ್ ಒಳಗೆ ಬಿಡುವ ಬೆಳಕು ಇದಕ್ಕಿಂತ ಸುಮಾರು ಹತ್ತು ಪಟ್ಟು. ಮನೆಯೊಳಗೆ ಕಿಟ್ ಲೆನ್ಸಿಗೆ ಐಎಸ್ಒ 6400 ಬೇಕಾದ ಕಡೆ, ಅದೇ ಶಟರ್ ಸ್ಪೀಡಿಗೆ ಈ ಲೆನ್ಸ್ 640ರಲ್ಲೇ ಮುಗಿಸುತ್ತದೆ, ಕಾಳುಕಾಳಾಗಿ ಕಾಣುವ ನಾಯ್ಸ್ ಹೆಚ್ಚುಕಡಿಮೆ ಮಾಯವಾಗುತ್ತದೆ. ಆದರೆ ಹತ್ತಿರದಿಂದ 1.8ರಲ್ಲಿ ತೆಗೆದರೆ ಒಂದು ಕಣ್ಣು ಚೂಪಾಗಿ, ಇನ್ನೊಂದು ಕಣ್ಣು ಮಸುಕಾಗಿ ಬರಬಹುದು. ಆಗ ಅಪರ್ಚರನ್ನು 2.8ಕ್ಕೋ 4ಕ್ಕೋ ಕಿರಿದು ಮಾಡಿಕೊಳ್ಳಿ.

ನಿಮ್ಮ ಇಷ್ಟ ಯಾವುದು ಅನ್ನುವುದರ ಮೇಲೆ ಲೆನ್ಸ್ ಬದಲಾಗುತ್ತದೆ. ಮನೆಮಂದಿ, ರಸ್ತೆ, ಓಡಾಟ ಅಂದರೆ 35 ಎಂಎಂ ಆಸುಪಾಸು. ಬರೀ ಮುಖಗಳೇ ಇಷ್ಟವಾದರೆ 50. ಬೆಟ್ಟ, ಕೆರೆ, ಆಕಾಶಕ್ಕೆ ಕಿಟ್ ಲೆನ್ಸೇ ಸಾಕು, ಉಳಿದ ದುಡ್ಡಿಗೆ ಅಲ್ಲಾಡದ ಟ್ರೈಪಾಡ್ ತನ್ನಿ. ಹೂವು, ಹುಳಗಳಿಗೆ ಮ್ಯಾಕ್ರೊ, ಅಂದರೆ ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್ ಬೇಕು. ಹಕ್ಕಿ ಹುಚ್ಚಿದ್ದರೆ ಮಾತ್ರ ಜೇಬು ಗಟ್ಟಿಯಾಗಿರಬೇಕು. 300 ಎಂಎಂ ಇದ್ದರೂ ಸಣ್ಣ ಹಕ್ಕಿ ದೂರವೇ ಅನ್ನಿಸುತ್ತದೆ, ಹೆಚ್ಚಿನವರು 400, 600ರ ಕಡೆಗೇ ಹೋಗುತ್ತಾರೆ.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬಾಡಿ ಆರಿಸುವುದು ಅಂದರೆ ಅದರ ಮೌಂಟ್, ಅಂದರೆ ಲೆನ್ಸ್ ಕೂರುವ ಬಾಯಿ, ಆರಿಸುವುದು. ಸಾಮಾನ್ಯವಾಗಿ ಒಂದು ಕಂಪನಿಯ ಲೆನ್ಸ್ ಇನ್ನೊಂದರ ಬಾಡಿಯ ಮೇಲೆ ನೇರವಾಗಿ ಕೂರುವುದಿಲ್ಲ. ಹಾಗಾಗಿ ಮುಂದೆ ನಿಮಗೆ ಬೇಕಾಗಬಹುದಾದ ಎರಡನೇ, ಮೂರನೇ ಲೆನ್ಸ್ ಆ ಮೌಂಟಿನಲ್ಲಿ ಇದೆಯಾ, ನಿಮ್ಮ ಕೈಗೆ ಎಟುಕುತ್ತದಾ ಅಂತ ಈಗಲೇ ನೋಡಿಕೊಳ್ಳಿ. ನಿಕಾನ್ ಎಫ್ ಮೌಂಟ್ ಬಂದದ್ದು 1959ರಲ್ಲಿ, ಕ್ಯಾನನ್ ಇಎಫ್ 1987ರಲ್ಲಿ. ಇವುಗಳ ಹಳೆಯ ಲೆನ್ಸ್ ರಾಶಿರಾಶಿ ಸಿಗುತ್ತವೆ. ಆದರೆ ಎಲ್ಲವೂ ಎಲ್ಲ ಬಾಡಿಗೂ ಸರಿಹೋಗುವುದಿಲ್ಲ. ನಿಕಾನ್ ಡಿ3500, ಡಿ5600 ತರಹದ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ, ತನ್ನದೇ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು.

ಸೆನ್ಸರ್, ಮೆಗಾಪಿಕ್ಸೆಲ್

ಸೆನ್ಸರ್ ಅಂದರೆ ಬೆಳಕನ್ನು ಹಿಡಿದು ಚಿತ್ರ ಮಾಡುವ ಚಿಪ್. ಫುಲ್ ಫ್ರೇಮ್ ಸೆನ್ಸರ್ 36×24 ಎಂಎಂ. ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರ್ ಸುಮಾರು 23.5×15.6, ಕ್ಯಾನನ್‌ನಲ್ಲಿ ಇನ್ನೂ ಸ್ವಲ್ಪ ಚಿಕ್ಕದು. ದೊಡ್ಡ ಸೆನ್ಸರ್ ಕಡಿಮೆ ಬೆಳಕಲ್ಲಿ ಮೇಲುಗೈ, ನಿಜ. ಆದರೆ ಅದರ ಲೆನ್ಸುಗಳು ಭಾರ, ಬೆಲೆಯೂ ಜಾಸ್ತಿ. ನನ್ನನ್ನು ಕೇಳಿದರೆ ಮೊದಲ ಕ್ಯಾಮೆರಾಕ್ಕೆ ಎಪಿಎಸ್-ಸಿ ಧಾರಾಳವಾಯಿತು. ಹಕ್ಕಿ ತೆಗೆಯುವವರಿಗೆ ಅದರಿಂದ ಲಾಭವೂ ಇದೆ: ಚಿತ್ರದ ಚೌಕಟ್ಟು ಚಿಕ್ಕದಾಗುವುದರಿಂದ 300 ಎಂಎಂ ಲೆನ್ಸ್ ಫುಲ್ ಫ್ರೇಮಿನ 450ರಷ್ಟು ಹತ್ತಿರ ತೋರಿಸುತ್ತದೆ.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 24 ಇದ್ದರೆ 6000×4000 ಚುಕ್ಕೆಗಳ ಚಿತ್ರ ಬರುತ್ತದೆ. ಎ4 ಅಳತೆಯ ಒಳ್ಳೆಯ ಪ್ರಿಂಟಿಗೆ 9 ಕೂಡ ಬೇಡ.

ಮಿರರ್‌ಲೆಸ್ಸಾ, ಡಿಎಸ್ಎಲ್ಆರಾ?

ಡಿಎಸ್ಎಲ್ಆರ್ ಒಳಗೆ ಲೆನ್ಸಿನ ನೋಟವನ್ನು ಕಣ್ಣಿಗೆ ತಲುಪಿಸುವ ಕನ್ನಡಿ ಇರುತ್ತದೆ. ಮಿರರ್‌ಲೆಸ್‌ನಲ್ಲಿ ಅದಿಲ್ಲ, ಸೆನ್ಸರ್ ಕಂಡದ್ದೇ ಪರದೆಯಲ್ಲಿ ಕಾಣುತ್ತದೆ. ಹೊಸದು ಕೊಳ್ಳುವುದಾದರೆ ಮಿರರ್‌ಲೆಸ್. ಕ್ಯಾನನ್, ನಿಕಾನ್ ಎರಡೂ ತಮ್ಮ ಗಮನವನ್ನೆಲ್ಲ ಈಗ ಅತ್ತಲೇ ಇಟ್ಟಿವೆ. ಕಲಿಯುವವರಿಗೆ ಇದರಲ್ಲಿ ದೊಡ್ಡ ಅನುಕೂಲವೊಂದಿದೆ. ಫೋಟೊ ಎಷ್ಟು ಕಪ್ಪಾಗಿ, ಎಷ್ಟು ಬೆಳ್ಳಗೆ ಬರುತ್ತದೆ ಅನ್ನುವುದು ಬಟನ್ ಒತ್ತುವ ಮೊದಲೇ ಕಾಣುತ್ತದೆ. ಕಣ್ಣನ್ನು ಹುಡುಕಿ ಫೋಕಸ್ ಮಾಡುವ ಕೆಲಸವನ್ನೂ ಈಗಿನ ಬಾಡಿಗಳು ತಾವೇ ಮಾಡುತ್ತವೆ. ಕೊರತೆ ಇರುವುದು ಬ್ಯಾಟರಿಯಲ್ಲಿ. ಡಿಎಸ್ಎಲ್ಆರ್ ಆದ ಡಿ3500 ಒಂದು ಚಾರ್ಜಿಗೆ 1550 ಫೋಟೊ ಕೊಡುತ್ತದೆ ಅಂತ ಕಂಪನಿಯ ಲೆಕ್ಕ. ಸಣ್ಣ ಮಿರರ್‌ಲೆಸ್‌ಗಳಲ್ಲಿ ಹಲವು ಮುನ್ನೂರು, ನಾನೂರಕ್ಕೇ ನಿಲ್ಲುತ್ತವೆ. ದುಡ್ಡು ತೀರಾ ಕಡಿಮೆ ಇದ್ದರೆ ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ ಈಗಲೂ ಬುದ್ಧಿವಂತರ ಆಯ್ಕೆ.

ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಇಲ್ಲದ ಅಗ್ಗದ ಬಾಡಿಗಳೂ ಇವೆ. ವಿಡಿಯೊಗೆ ಪರವಾಗಿಲ್ಲ. ಫೋಟೊಗೆ ಬೇಡವೇ ಬೇಡ, ಬಿಸಿಲಲ್ಲಿ ಪರದೆ ಕಾಣದೆ ಒದ್ದಾಡುತ್ತೀರಿ.

ಕೈಗೆ ತೆಗೆದುಕೊಳ್ಳಿ

ಪಟ್ಟಿ ಎರಡು ಮಾಡೆಲ್‌ಗೆ ಇಳಿದ ಮೇಲೆ ಅಂಗಡಿಗೆ ಹೋಗಿ ಎರಡನ್ನೂ ಲೆನ್ಸ್ ಸಮೇತ ಹಿಡಿದು ನೋಡಿ. ಕಿರುಬೆರಳು ಕೆಳಗೆ ಜೋತುಬೀಳುತ್ತದಾ? ಕಣ್ಣು ತೆಗೆಯದೆ ಅಪರ್ಚರ್ ಬದಲಿಸಲು ಆಗುತ್ತದಾ? ಕನ್ನಡಕ ಹಾಕಿಕೊಂಡು ನೋಡಿದರೆ ಚೌಕಟ್ಟಿನ ಮೂಲೆಗಳು ಕಾಣುತ್ತವಾ? ಇದ್ಯಾವುದೂ ಯಾವ ರಿವ್ಯೂನಲ್ಲೂ ಗೊತ್ತಾಗುವುದಿಲ್ಲ. ಅಲ್ಲೇ ಹತ್ತು ನಿಮಿಷ ಕತ್ತಿಗೆ ನೇತುಹಾಕಿಕೊಂಡು ನಿಲ್ಲಿ. ಅಂಗಡಿಯವರು ಏನಂದುಕೊಂಡರೂ ಪರವಾಗಿಲ್ಲ, ಹೊತ್ತು ತಿರುಗಬೇಕಾದವರು ನೀವು ಅಲ್ವಾ?

ಹಳೆಯದಾದರೆ

ಬರೀ ಫೋಟೊ ನೋಡಿ ಹಣ ಕೊಡಬೇಡಿ, ನಿಮ್ಮ ಮೆಮೊರಿ ಕಾರ್ಡ್ ಹಿಡಿದುಕೊಂಡು ಹೋಗಿ. ಶಟರ್ ಎಷ್ಟು ಸಲ ತೆರೆದು ಮುಚ್ಚಿದೆ ಅಂತ ಕೇಳಿ, ಆರಂಭದ ದರ್ಜೆಯ ಬಾಡಿಗಳಲ್ಲಿ ಹಲವಕ್ಕೆ ಒಂದು ಲಕ್ಷ ಸಲ ಅಂತ ಆಯಸ್ಸು ಹೇಳುತ್ತಾರೆ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಆಮೇಲೆ ಎಫ್ 16ರಲ್ಲಿ ಬಿಳಿ ಗೋಡೆಯ ಒಂದು ಫೋಟೊ ತೆಗೆಯಿರಿ. ಬೂದು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳಿದೆ, ಅದನ್ನು ಕ್ಲೀನ್ ಮಾಡಿಸಬಹುದು, ಬೆಲೆ ಇಳಿಸಲು ಒಂದು ನೆಪವೂ ಆಯಿತು. ಎಷ್ಟು ಸಲ ತೆಗೆದರೂ ಚುಕ್ಕೆ ಬದಲು ಗೀರು ಕಾಣುತ್ತಿದ್ದರೆ ಎದ್ದು ಬನ್ನಿ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಬಾಡಿಯ ಕೆಳಗಿರುವುದಕ್ಕೆ ತಾಳೆಯಾಗಬೇಕು.

ದುಡ್ಡು ಪೂರ್ತಿ ಖಾಲಿ ಮಾಡಬೇಡಿ

ಕೈಯಲ್ಲಿರುವುದರ ಐದನೇ ಒಂದು ಭಾಗವನ್ನು ಮೊದಲೇ ತೆಗೆದಿಡಿ. ಇನ್ನೊಂದು ಬ್ಯಾಟರಿ, ಒಳ್ಳೆಯ ಕಾರ್ಡ್, ಬ್ಯಾಗ್, ಗಾಳಿಯಾಡದ ಡಬ್ಬಿ, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್, ಇಷ್ಟು ಬೇಕೇ ಬೇಕು. 24 ಮೆಗಾಪಿಕ್ಸೆಲ್‌ನ ಒಂದೊಂದು ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೋಟೊ) ಹೆಚ್ಚುಕಡಿಮೆ 25-30 ಎಂಬಿ ತಿನ್ನುತ್ತದೆ, ಹಾಗಾಗಿ ಹಾರ್ಡ್ ಡಿಸ್ಕ್ ಕೂಡ ಸೇರಿಸಿಕೊಳ್ಳಿ. ಕಾಂಬೊ ಆಫರಿನಲ್ಲಿ ಕೊಡುವ ಟ್ರೈಪಾಡ್ ಮತ್ತು ಫಿಲ್ಟರುಗಳಿಗೆ ಮರುಳಾಗಬೇಡಿ. ಅಂಥ ಟ್ರೈಪಾಡ್ ಸಣ್ಣ ಗಾಳಿಗೂ ನಡುಗುತ್ತದೆ.

ಕ್ಯಾಮೆರಾ ಮನೆಗೆ ಬಂದ ದಿನ ಡಯಲನ್ನು ಅಪರ್ಚರ್ ಪ್ರಯಾರಿಟಿಗೆ (ಅಪರ್ಚರ್ ನೀವು ಕೊಡುತ್ತೀರಿ, ಶಟರ್ ಸ್ಪೀಡನ್ನು ಕ್ಯಾಮೆರಾ ಆರಿಸುತ್ತದೆ) ತಿರುಗಿಸಿ, ಐಎಸ್ಒ ಆಟೊದಲ್ಲಿಡಿ, ಮೆನುವಿನಲ್ಲಿ ಕನಿಷ್ಠ ಶಟರ್ ಸ್ಪೀಡ್ 1/125 ಅಂತ ಕೊಡಿ. ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಎಲ್ಲ ಬಟನ್, ಫ್ಲ್ಯಾಶ್, ಕಾರ್ಡ್ ಸ್ಲಾಟ್ ಒಮ್ಮೆ ಪರೀಕ್ಷಿಸಿಬಿಡಿ, ಪೆಟ್ಟಿಗೆಯನ್ನು ಅಲ್ಲಿಯ ತನಕ ಎಸೆಯಬೇಡಿ.