ಆಪ್ ಕೊಟ್ಟಿದ್ದಷ್ಟೇ ಅಲ್ಲ: ಆನ್‌ಲೈನ್‌ನಲ್ಲಿ ಹೊಸ ಸಂಗೀತ ಹುಡುಕುವ ಬಗೆ

ಮ್ಯೂಸಿಕ್ ಆಪ್‌ಗಳಲ್ಲಿ ಕೋಟಿಗಟ್ಟಲೆ ಹಾಡುಗಳಿವೆ. ಆದರೂ ಕೆಲವು ತಿಂಗಳು ಬಳಸಿದ ಮೇಲೆ ಸುತ್ತಿ ಸುತ್ತಿ ಅವೇ ಮೂವತ್ತು ನಲವತ್ತು ಹಾಡು ಬರುತ್ತವೆ ಎನ್ನುವುದು ಹೆಚ್ಚಿನವರ ದೂರು. ಇದಕ್ಕೆ ಕಾರಣ ಶಿಫಾರಸಿನ ಲೆಕ್ಕಾಚಾರದಲ್ಲೇ ಇದೆ. ನೀವು ಕೇಳಿದ ಹಾಡನ್ನು ಕೇಳಿದವರು ಇನ್ನೇನು ಕೇಳಿದರು, ಯಾವ ಯಾವ ಹಾಡುಗಳನ್ನು ಜನ ಒಂದೇ ಪ್ಲೇಲಿಸ್ಟ್‌ನಲ್ಲಿ ಜೊತೆಗಿಟ್ಟಿದ್ದಾರೆ ಎಂಬುದನ್ನು ಆಪ್ ಮುಖ್ಯವಾಗಿ ನೋಡುತ್ತದೆ. ಹಾಡಿನ ವೇಗ, ಶಬ್ದದ ಸ್ವರೂಪವನ್ನೂ ಅಳೆಯುತ್ತದೆ. ಆದರೆ ಜನರ ಅಭ್ಯಾಸದ ಲೆಕ್ಕವೇ ಮೇಲುಗೈ. ಹಾಗಾಗಿ ಬಹಳ ಜನ ಕೇಳಿದ್ದು ಇನ್ನೂ ಬಹಳ ಜನಕ್ಕೆ ತಲುಪುತ್ತದೆ, ಯಾರೂ ಕೇಳದ ಒಳ್ಳೆಯ ಹಾಡು ಮೂಲೆಯಲ್ಲೇ ಉಳಿಯುತ್ತದೆ.

ಆದ್ದರಿಂದ ಕೆಲಸ ಎರಡು. ಆಪ್‌ನ ಬಳಿ ನಿಮ್ಮ ಬಗ್ಗೆ ಇರುವ ತಪ್ಪು ಮಾಹಿತಿಯನ್ನು ತೆಗೆಯುವುದು ಮೊದಲನೆಯದು. ಅದಕ್ಕೆ ಒಂದು ಅರ್ಧ ಗಂಟೆ ಸಾಕು. ಆಮೇಲೆ ಆಪ್‌ನ ಹೊರಗೆ ಹೋಗಿ, ಮನುಷ್ಯರು ಬಿಟ್ಟುಹೋದ ಜಾಡು ಹಿಡಿಯುವುದು. ನಿಜವಾದ ಹೊಸ ಸಂಗೀತ ಸಿಗುವುದು ಈ ಎರಡನೆಯ ಕೆಲಸದಲ್ಲಿ.

ಮೊದಲು ಕಸ ಗುಡಿಸಿ

ಮಗುವನ್ನು ಮಲಗಿಸಲು ಹಾಕಿದ ಜೋಗುಳ, ನಿದ್ದೆಗೆಂದು ರಾತ್ರಿಯಿಡೀ ಓಡಿದ ಮಳೆ ಸದ್ದು, ಯಾರದೋ ಸಮಾರಂಭಕ್ಕೆ ಹಾಕಿದ ಕುಣಿತದ ಹಾಡುಗಳು, ಎಲ್ಲವೂ ನಿಮ್ಮ ಅಭಿರುಚಿ ಎಂದೇ ಆಪ್ ಬರೆದುಕೊಂಡಿರುತ್ತದೆ. ಸ್ಪಾಟಿಫೈನಲ್ಲಿ ಅಂಥ ಪ್ಲೇಲಿಸ್ಟ್ ತೆರೆದು ಮೂರು ಚುಕ್ಕಿ ಒತ್ತಿದರೆ, ಅದನ್ನು ಟೇಸ್ಟ್ ಪ್ರೊಫೈಲ್‌ನಿಂದ ಹೊರಗಿಡುವ ಆಯ್ಕೆ ಇದೆ. ಇನ್ನು ಮುಂದೆ ಹೀಗೆ ಬೇರೆಯವರಿಗಾಗಿ ಹಾಡು ಹಾಕುವಾಗ ಪ್ರೈವೇಟ್ ಸೆಷನ್ ಆನ್ ಮಾಡಿಕೊಳ್ಳಿ. ಐಫೋನ್‌ನಲ್ಲಿ ಆಪಲ್ ಮ್ಯೂಸಿಕ್ ಬಳಸುವವರು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮ್ಯೂಸಿಕ್ ವಿಭಾಗಕ್ಕೆ ಹೋಗಿ, ಲಿಸನಿಂಗ್ ಹಿಸ್ಟರಿ ಬಳಸುವ ಗುಂಡಿಯನ್ನು ಅಷ್ಟು ಹೊತ್ತು ಆಫ್ ಮಾಡಬಹುದು.

ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಒಂದು ತೊಡಕಿದೆ. ಒಂದೇ ಖಾತೆಯಲ್ಲಿ ಯೂಟ್ಯೂಬ್ ವಿಡಿಯೊಗಳನ್ನೂ ನೋಡುತ್ತಿದ್ದರೆ, ಅಲ್ಲಿ ನೋಡಿದ್ದು ಇಲ್ಲಿನ ಶಿಫಾರಸಿನ ಮೇಲೂ ಪರಿಣಾಮ ಬೀರುತ್ತದೆ. ಹಿಸ್ಟರಿಗೆ ಹೋಗಿ ಸಂಬಂಧವಿಲ್ಲದ್ದನ್ನು ಅಳಿಸಿ. ಅಳಿಸುವುದು ಬಹಳವಿದ್ದರೆ ಸಂಗೀತಕ್ಕೆಂದೇ ಅದೇ ಖಾತೆಯಡಿ ಬೇರೆ ಚಾನೆಲ್ ಮಾಡಿಕೊಳ್ಳುವುದು ಸುಲಭ.

ನಿಮ್ಮ ಪಟ್ಟಿ ಮುಗಿದ ಮೇಲೂ ಆಪ್ ತಾನೇ ಹಾಡು ಮುಂದುವರಿಸುವ ಆಟೊಪ್ಲೇ ಆಫ್ ಮಾಡಿ. ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡ್ ಓಡಿದರೆ ಒಂದು ಸಲ ಕೇಳಿದಂತೆ ಲೆಕ್ಕ. ನೀವು ಫೋನ್ ಬಿಟ್ಟು ಎದ್ದು ಹೋಗಿದ್ದರೂ ಆಪ್ ತಾನೇ ಆರಿಸಿದ ಹಾಡು ತಾನೇ ಓಡಿ, ನೀವೇ ಕೇಳಿದಿರಿ ಎಂಬ ದಾಖಲೆಯಾಗುತ್ತದೆ. ಅದೇ ದಾಖಲೆಯ ಮೇಲೆ ಮುಂದಿನ ಶಿಫಾರಸು ಬರುತ್ತದೆ. ಒಂದೇ ಹಾಡುಗಳು ಮರಳಿ ಮರಳಿ ಬರುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಆಪ್‌ನಿಂದಲೇ ಒಳ್ಳೆಯ ಕೆಲಸ ತೆಗೆಯುವುದು

ಒಂದು ಹೊಸ ಪ್ಲೇಲಿಸ್ಟ್ ಮಾಡಿ, ಅದರಲ್ಲಿ ಒಂದೇ ಬಗೆಯ 8ರಿಂದ 12 ಹಾಡು ಮಾತ್ರ ಹಾಕಿ. ನೂರು ಬಗೆಯ ನೂರು ಹಾಡು ತುಂಬಿದರೆ ಆಪ್‌ಗೆ ಅವುಗಳ ನಡುವಿನ ನಂಟು ಸಿಗುವುದಿಲ್ಲ, ಎಲ್ಲಕ್ಕೂ ಹೊಂದುವ ಜನಪ್ರಿಯ ಹಾಡನ್ನು ತಂದಿಡುತ್ತದೆ. ಹಾಕುವ ಹಾಡುಗಳಲ್ಲಿ ಅರ್ಧವಾದರೂ ಹೆಚ್ಚು ಹೆಸರಾಗದವು ಇರಲಿ. ಸ್ಪಾಟಿಫೈನಲ್ಲಿ ಪ್ಲೇಲಿಸ್ಟ್‌ನ ಕೊನೆಗೆ ಹೋದರೆ ಅದಕ್ಕೆ ಹೊಂದುವ ಹಾಡುಗಳ ಪಟ್ಟಿ ಇರುತ್ತದೆ. ಅದನ್ನು ರಿಫ್ರೆಶ್ ಮಾಡುತ್ತಾ ಹೋಗಿ. ಯಾವುದೇ ಹಾಡಿನಿಂದ 'ರೇಡಿಯೊ', ಅಂದರೆ ಅದಕ್ಕೆ ಹೊಂದುವ ಹಾಡುಗಳ ಸರಣಿ, ಶುರು ಮಾಡುವಾಗಲೂ ಇದೇ ನಿಯಮ. ಕಲಾವಿದರ ಅತಿ ಪ್ರಸಿದ್ಧ ಹಾಡಿನಿಂದ ಶುರು ಮಾಡಿದರೆ ಬೇರೆಯವರ ಅತಿ ಪ್ರಸಿದ್ಧ ಹಾಡುಗಳೇ ಬರುತ್ತವೆ. ಆಲ್ಬಂನ ಆರನೆಯದೋ ಏಳನೆಯದೋ ಹಾಡಿನಿಂದ ಶುರು ಮಾಡಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

2015ರಲ್ಲಿ ಶುರುವಾದ ಸ್ಪಾಟಿಫೈನ ಡಿಸ್ಕವರ್ ವೀಕ್ಲಿ ಪ್ರತಿ ಸೋಮವಾರ 30 ಹಾಡು ಕೊಡುತ್ತದೆ. ಮುಂದಿನ ಸೋಮವಾರ ಪಟ್ಟಿ ಬದಲಾಗುತ್ತದೆ, ಹಳೆಯದು ಹೋಯಿತು. ಹಿಡಿಸಿದ್ದನ್ನು ಭಾನುವಾರದೊಳಗೆ ಎತ್ತಿಟ್ಟುಕೊಳ್ಳಿ. ಅದೇ 2015ರ ಜುಲೈನಿಂದ ಜಗತ್ತಿನ ಬಹುತೇಕ ಕಡೆ ಹೊಸ ಆಲ್ಬಂಗಳು ಶುಕ್ರವಾರ ಬಿಡುಗಡೆಯಾಗುತ್ತಿವೆ. ನೀವು ಫಾಲೊ ಮಾಡುವ ಕಲಾವಿದರ ಹೊಸ ಹಾಡುಗಳ ಪಟ್ಟಿಯಾದ ರಿಲೀಸ್ ರೇಡಾರ್ ಕೂಡ ಅಂದೇ ಬರುತ್ತದೆ. ಅದು ಚೆನ್ನಾಗಿರಬೇಕಾದರೆ ಹಿಡಿಸಿದ ಕಲಾವಿದರನ್ನು ಫಾಲೊ ಮಾಡಲೇಬೇಕು. ಹಾಡಿಗೆ ಲೈಕ್ ಕೊಟ್ಟು ಸುಮ್ಮನಾದರೆ ಸಾಲದು.

ಒಂದು ವಿಷಯ ಗೊತ್ತಿರಲಿ. ಸ್ಪಾಟಿಫೈನಲ್ಲಿ ಡಿಸ್ಕವರಿ ಮೋಡ್ ಎಂಬ ವ್ಯವಸ್ಥೆ ಇದೆ. ಕಲಾವಿದರು ಅಥವಾ ಲೇಬಲ್‌ನವರು (ಆಲ್ಬಂ ಹೊರತರುವ ಸಂಸ್ಥೆಯವರು) ತಮಗೆ ಬರುವ ರಾಯಲ್ಟಿಯಲ್ಲಿ ಕಡಿಮೆ ಪಾಲಿಗೆ ಒಪ್ಪಿದರೆ, ರೇಡಿಯೊ, ಆಟೊಪ್ಲೇಗಳಂಥ ಕಡೆ ಅವರ ಹಾಡಿಗೆ ಹೆಚ್ಚು ಅವಕಾಶ. ಎದುರಿಗೆ ಬಂದ ಶಿಫಾರಸೆಲ್ಲ ನಿಮ್ಮ ಅಭಿರುಚಿಯಿಂದಷ್ಟೇ ಹುಟ್ಟಿದ್ದಲ್ಲ.

ಹೆಸರುಗಳ ಜಾಡು

ಹೊಸ ಸಂಗೀತಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಒಂದು ಆಲ್ಬಂನಲ್ಲಿ ಮುಖ್ಯ ಕಲಾವಿದರ ಹೆಸರಿನ ಹಿಂದೆ ವಾದಕರು, ನಿರ್ಮಾಪಕರು, ಧ್ವನಿಮುದ್ರಣ ಮಾಡಿದವರು, ಲೇಬಲ್, ಹೀಗೆ ಹಲವು ಹೆಸರಿರುತ್ತವೆ. ನಿಮಗೆ ಹಿಡಿಸಿದ ಆ ನಾದ ಎಷ್ಟೋ ಸಲ ಈ ಹೆಸರುಗಳಲ್ಲಿ ಯಾರದೋ ಕೈಗುಣ. ಮ್ಯೂಸಿಕ್ ಆಪ್‌ಗಳಲ್ಲಿ ಈ ವಿವರ ಅರೆಬರೆ. 2000ದಲ್ಲಿ ಶುರುವಾದ, ಬಳಕೆದಾರರೇ ಕಟ್ಟಿದ ಡಿಸ್ಕಾಗ್ಸ್ ತಾಣದಲ್ಲಿ ಆಲ್ಬಂನ ಹೊದಿಕೆಯ ಮೇಲೆ ಅಚ್ಚಾದದ್ದೆಲ್ಲ ಹೆಚ್ಚುಕಡಿಮೆ ಹಾಗೇ ಸಿಗುತ್ತದೆ, ಪ್ರತಿ ಹೆಸರೂ ಒತ್ತಿದರೆ ತೆರೆದುಕೊಳ್ಳುತ್ತದೆ.

ಒಂದು ಉದಾಹರಣೆ ನೋಡೋಣ. ತಬಲಾ ಇಷ್ಟಪಡುವವರೊಬ್ಬರು ಝಾಕಿರ್ ಹುಸೇನ್ ಅವರ 1987ರ 'ಮೇಕಿಂಗ್ ಮ್ಯೂಸಿಕ್' ಆಲ್ಬಂನಿಂದ ಹೊರಟರು ಎಂದುಕೊಳ್ಳಿ. ಡಿಸ್ಕಾಗ್ಸ್‌ನಲ್ಲಿ ಅದನ್ನು ತೆರೆದರೆ ನಾಲ್ಕು ಹೆಸರು: ತಬಲಾದಲ್ಲಿ ಝಾಕಿರ್, ಕೊಳಲಲ್ಲಿ ಹರಿಪ್ರಸಾದ್ ಚೌರಾಸಿಯಾ, ಗಿಟಾರ್‌ನಲ್ಲಿ ಜಾನ್ ಮೆಕ್‌ಲಾಫ್ಲಿನ್, ಸ್ಯಾಕ್ಸಫೋನ್‌ನಲ್ಲಿ ನಾರ್ವೆಯ ಯಾನ್ ಗಾರ್ಬರೆಕ್. ಲೇಬಲ್ ಇಸಿಎಂ. ಮೊದಲೆರಡು ಹೆಸರು ಪರಿಚಿತವೇ, ಹಾಗಾಗಿ ಪರಿಚಯವಿಲ್ಲದ ಗಾರ್ಬರೆಕ್ ಹೆಸರನ್ನು ಒತ್ತಿ. ಅವರ ಪಟ್ಟಿಯಲ್ಲಿ ಕೆಳಗೆ ಬಂದರೆ ಪಾಕಿಸ್ತಾನದ ಗಾಯಕ ಉಸ್ತಾದ್ ಫತೇ ಅಲಿ ಖಾನ್ ಜೊತೆ 1992ರಲ್ಲಿ ಬಂದ ಆಲ್ಬಂ ಇದೆ. ಇನ್ನೂ ಕೆಳಗೆ 1994ರ 'ಮದಾರ್': ಅದರಲ್ಲಿ ತಬಲಾ ಉಸ್ತಾದ್ ಶೌಕತ್ ಹುಸೇನ್ ಅವರದು, ಜೊತೆಗೆ ಟ್ಯುನೀಷಿಯಾದ ಅನೌರ್ ಬ್ರಾಹಿಮ್ ನುಡಿಸಿದ ಊದ್ ಎಂಬ ತಂತಿವಾದ್ಯ. ಬ್ರಾಹಿಮ್ ಹೆಸರು ಒತ್ತಿದರೆ ಅರಬ್ ಸಂಗೀತದ ಊದ್ ವಾದನದ ಬಾಗಿಲು ತೆರೆಯಿತು. ತಬಲಾದಿಂದ ಊದ್‌ಗೆ ಮೂರು ಕ್ಲಿಕ್. ಪ್ರತಿ ಹೆಜ್ಜೆಯಲ್ಲೂ ಮೊದಲೇ ಗೊತ್ತಿರುವ ಒಂದು ವಾದ್ಯವೋ ವಾದಕರೋ ಜೊತೆಗಿದ್ದುದರಿಂದ ಕಿವಿಗೆ ಎಲ್ಲೂ ತೀರಾ ಅಪರಿಚಿತ ಎನಿಸುವುದಿಲ್ಲ. ಈ ಅನುಕೂಲ ಯಾವ ಆಪ್‌ನ ಪಟ್ಟಿಯಲ್ಲೂ ಇಲ್ಲ.

ವಾದಕರ ಹಾಗೆಯೇ ಲೇಬಲ್‌ನ ಹೆಸರನ್ನೂ ಹಿಡಿದು ಹೋಗಬಹುದು. ಸಣ್ಣ ಲೇಬಲ್‌ಗಳನ್ನು ಸಾಮಾನ್ಯವಾಗಿ ಒಬ್ಬಿಬ್ಬರ ಅಭಿರುಚಿ ನಡೆಸುತ್ತದೆ. ಮ್ಯಾನ್‌ಫ್ರೆಡ್ ಐಕರ್ 1969ರಲ್ಲಿ ಮ್ಯೂನಿಕ್‌ನಲ್ಲಿ ಕಟ್ಟಿದ ಇಸಿಎಂ ಅಂಥದ್ದು. ಒಂದೇ ಲೇಬಲ್‌ನ ಮೂರು ಆಲ್ಬಂ ನಿಮಗೆ ಹಿಡಿಸಿದ್ದರೆ ನಾಲ್ಕನೆಯದನ್ನು ಕಣ್ಣುಮುಚ್ಚಿ ಕೇಳಬಹುದು.

ಇಲ್ಲಿ ಎಡವುವುದು ಒಂದೇ ಹೆಸರಿನ ಇಬ್ಬರು ಕಲಾವಿದರಿದ್ದಾಗ. ಡಿಸ್ಕಾಗ್ಸ್‌ನಲ್ಲಿ ಎರಡನೆಯವರ ಹೆಸರಿನ ಮುಂದೆ 2, ಮೂರನೆಯವರಿಗೆ 3 ಎಂದು ಅಂಕಿ ಇರುತ್ತದೆ. ಮ್ಯೂಸಿಕ್ ಆಪ್‌ಗಳಲ್ಲಿ ಇಬ್ಬರ ಹಾಡುಗಳೂ ಒಂದೇ ಪುಟದಲ್ಲಿ ಬೆರೆತುಹೋಗಿರುವುದುಂಟು. ಕಲಾವಿದರ ಪುಟದಲ್ಲಿ ಹೊಸ ಹಾಡೊಂದು ಇದ್ದಕ್ಕಿದ್ದಂತೆ ಬೇರೆಯೇ ಧಾಟಿಯಲ್ಲಿದ್ದರೆ, ಅವರ ಶೈಲಿ ಬದಲಾಯಿತು ಎಂದುಕೊಳ್ಳುವ ಮೊದಲು ಲೇಬಲ್ ಮತ್ತು ವರ್ಷ ನೋಡಿ.

ಈ ಹೆಸರುಗಳ ವಿವರದಿಂದ ಇನ್ನೊಂದು ಉಪಯೋಗವೂ ಉಂಟು. ಎಐ ತಯಾರಿಸಿದ ಹಾಡುಗಳು ಈಗ ಎಲ್ಲ ಆಪ್‌ಗಳಿಗೂ ನುಗ್ಗಿವೆ. ವಾದಕರ ಹೆಸರೇ ಇಲ್ಲ, ಎಲ್ಲೂ ಕಛೇರಿ ಕೊಟ್ಟ ಸುಳಿವಿಲ್ಲ, ಕೆಲವೇ ತಿಂಗಳಲ್ಲಿ ಆಲ್ಬಂ ಮೇಲೆ ಆಲ್ಬಂ ಬಂದಿವೆ ಎಂದಾದರೆ ಅನುಮಾನಿಸಬೇಕು.

ಕೊಂಡವರ ಕಪಾಟು

ಬ್ಯಾಂಡ್‌ಕ್ಯಾಂಪ್‌ನಲ್ಲಿ ಕಲಾವಿದರೇ ನೇರವಾಗಿ ಆಲ್ಬಂ ಮಾರುತ್ತಾರೆ. ಡಿಜಿಟಲ್ ಮಾರಾಟದಲ್ಲಿ ತಾಣದ ಪಾಲು ಸಾಮಾನ್ಯವಾಗಿ ಶೇ 15. ಹೆಚ್ಚಿನ ಹಾಡುಗಳನ್ನು ಕೊಳ್ಳದೆಯೂ ಪೂರ್ತಿ ಕೇಳಬಹುದು, ಕೆಲವು ಸಲ ಕೇಳಿದ ಮೇಲೆ ಕೊಳ್ಳುವಿರಾ ಎಂದು ಕೇಳುತ್ತದೆ. ಹುಡುಕುವವರಿಗೆ ಇಲ್ಲಿರುವ ನಿಜವಾದ ನಿಧಿ ಎಂದರೆ ಆಲ್ಬಂ ಪುಟದಲ್ಲಿ ಸಾಲಾಗಿ ಕಾಣುವ ಪುಟ್ಟ ಚಿತ್ರಗಳು. ಅವರು ಆ ಆಲ್ಬಂ ಕೊಂಡವರು. ಚಿತ್ರ ಒತ್ತಿದರೆ ಅವರು ಕೊಂಡದ್ದೆಲ್ಲ ಕಾಣುತ್ತದೆ.

ಸಾವಿರಾರು ಜನ ಕೊಂಡ ಆಲ್ಬಂ ಬೇಡ, ಕೆಲವು ಹತ್ತು ಜನ ಕೊಂಡ ಆಲ್ಬಂ ಆರಿಸಿ. ಒಬ್ಬೊಬ್ಬರ ಸಂಗ್ರಹ ತೆರೆದು, ನಿಮಗೆ ಬಹಳ ಪ್ರಿಯವಾದ ಇನ್ನೊಂದು ಆಲ್ಬಂ ಅಲ್ಲಿದೆಯೇ ನೋಡಿ. ಇಲ್ಲದಿದ್ದರೆ ಮುಂದಿನವರತ್ತ ಹೋಗಿ. ಇದ್ದರೆ ಅವರನ್ನು ಫಾಲೊ ಮಾಡಿ, ಅವರ ಸಂಗ್ರಹದಲ್ಲಿ ನೀವು ಹೆಸರೇ ಕೇಳದ ಐದು ಆಲ್ಬಂ ಎತ್ತಿಕೊಂಡು ಒಂದೊಂದರಿಂದ ಎರಡು ಹಾಡು ಕೇಳಿ. ಒಬ್ಬರು ಹಣ ಕೊಟ್ಟು ಆರಿಸಿದ್ದಕ್ಕೂ, ಯಾರೋ ಅರೆನಿದ್ದೆಯಲ್ಲಿ ಕೇಳಿದ್ದಕ್ಕೂ ಇರುವ ಅಂತರ ಅಲ್ಲಿ ಕೇಳಿಸುತ್ತದೆ. ಪುಟದ ಕೆಳಗಿರುವ ಟ್ಯಾಗ್‌ಗಳೂ ಉಪಯುಕ್ತ. 'ಜಾಝ್' ಎಂಬಂಥ ವಿಶಾಲ ಟ್ಯಾಗ್ ಸಮುದ್ರವಿದ್ದ ಹಾಗೆ. ಊರಿನ ಹೆಸರಿನ ಟ್ಯಾಗ್ ಅಥವಾ ವಾದ್ಯದ ಹೆಸರಿನ ಟ್ಯಾಗ್ ಒತ್ತಿ.

ರೇಡಿಯೊ ಮತ್ತು ಕಿವಿಗೆ ಬಿದ್ದ ಹಾಡು

ರೇಡಿಯೊ ಗಾರ್ಡನ್ ತಾಣದಲ್ಲಿ ಭೂಗೋಳವನ್ನು ತಿರುಗಿಸಿ ಹಸಿರು ಚುಕ್ಕಿಯ ಮೇಲೆ ನಿಂತರೆ ಆ ಊರಿನ ರೇಡಿಯೊ ಕೇಳುತ್ತದೆ. ರೇಡಿಯೂಊಊ (Radiooooo) ಎಂಬ ತಾಣದಲ್ಲಿ ದೇಶ ಮತ್ತು ದಶಕ ಆರಿಸಿದರೆ ಆ ಕಾಲದ ಹಾಡು ಬರುತ್ತದೆ. ಲಂಡನ್ನಿನ ಎನ್‌ಟಿಎಸ್, ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೊಗಳ ತಾಣದಲ್ಲಿ ಪ್ರಸಾರವಾದ ಹಾಡುಗಳ ಪಟ್ಟಿಯೂ ಸಿಗುತ್ತದೆ.

ಹೆಸರು ಗೊತ್ತಿಲ್ಲದ ಹಾಡಿಗೆ ಶಝಾಮ್ ಆಪ್ ಹಿಡಿಯಿರಿ. ಅದು ಧ್ವನಿಮುದ್ರಣದ ಎದ್ದುಕಾಣುವ ಆವರ್ತನಗಳ ವಿನ್ಯಾಸವನ್ನು, ಬೆರಳಚ್ಚಿನಂತೆ, ತನ್ನಲ್ಲಿರುವ ದಾಖಲೆಗಳೊಂದಿಗೆ ತಾಳೆ ನೋಡುತ್ತದೆ. ಹಾಗಾಗಿ ಅದೇ ಹಾಡನ್ನು ವೇದಿಕೆಯಲ್ಲಿ ಹಾಡುತ್ತಿದ್ದರೆ ಹೆಚ್ಚಾಗಿ ಗುರುತಿಸದು, ಮುದ್ರಿತ ಹಾಡೇ ಓಡುತ್ತಿರಬೇಕು. ಬಾಯಲ್ಲಿ ಗುನುಗಿ ಹುಡುಕಲು ಗೂಗಲ್ ಆಪ್‌ನಲ್ಲಿ ವ್ಯವಸ್ಥೆ ಇದೆ, 10ರಿಂದ 15 ಸೆಕೆಂಡ್ ಗುನುಗಿದರೆ ಸಾಕು.

ನಿಮ್ಮದೇ ದಾಖಲೆ

ಲಾಸ್ಟ್ ಎಫ್‌ಎಂ ಅಥವಾ ಮುಕ್ತ ತಂತ್ರಾಂಶದ ಲಿಸನ್‌ಬ್ರೈನ್ಝ್ ತಾಣದಲ್ಲಿ ಖಾತೆ ತೆರೆದು ಮ್ಯೂಸಿಕ್ ಆಪ್ ಜೋಡಿಸಿದರೆ, ಕೇಳಿದ ಪ್ರತಿ ಹಾಡೂ ಅಲ್ಲಿ ದಾಖಲಾಗುತ್ತದೆ. ಇದಕ್ಕೆ ಸ್ಕ್ರಾಬಲ್ ಎನ್ನುತ್ತಾರೆ. ಲಾಸ್ಟ್ ಎಫ್‌ಎಂ ನಿಯಮದಂತೆ ಹಾಡು 30 ಸೆಕೆಂಡಿಗಿಂತ ಉದ್ದವಿರಬೇಕು, ಅರ್ಧದಷ್ಟಾದರೂ ಓಡಿರಬೇಕು. ಉದ್ದದ ಹಾಡಾದರೆ 4 ನಿಮಿಷ ಸಾಕು. ಆಪ್ ಬದಲಿಸಿದರೂ ಈ ದಾಖಲೆ ನಿಮ್ಮ ಜೊತೆಗಿರುತ್ತದೆ. ಸ್ಪಾಟಿಫೈ ಖಾತೆಯನ್ನೂ ಜೋಡಿಸಿ, ಫೋನಿನಲ್ಲಿ ಬೇರೆ ಸ್ಕ್ರಾಬಲ್ ಆಪ್ ಕೂಡ ಹಾಕಿದರೆ ಒಂದೇ ಹಾಡು ಎರಡು ಸಲ ಬೀಳುತ್ತದೆ. ಎರಡರಲ್ಲಿ ಒಂದನ್ನು ತೆಗೆಯಿರಿ.

ಕೇಳುವ ಕ್ರಮ

ವಾರಕ್ಕೆ 10 ಹೊಸ ಹಾಡು ಸಾಕು. ಪರೀಕ್ಷೆಗೆಂದೇ ಒಂದು ಪ್ಲೇಲಿಸ್ಟ್ ಮಾಡಿ, ಪ್ರತಿ ಹಾಡನ್ನೂ ಬೇರೆ ಬೇರೆ ದಿನ ಮೂರು ಸಲ ಕೇಳಿ. ಮತ್ತೆ ಮತ್ತೆ ಎದುರಾದದ್ದರ ಕಡೆಗೆ ಒಲವು ಬೆಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯೊನ್ಸ್ 1968ರಲ್ಲೇ ತೋರಿಸಿದ್ದರು. ಪರಿಚಯವಿಲ್ಲದ ಸ್ವರಶ್ರೇಣಿ ಮೊದಲ ಸಲ ಅಪಸ್ವರದಂತೆ ಕೇಳುವುದು ಸಹಜ. ಇಪ್ಪತ್ತು ಸೆಕೆಂಡಿಗೇ ಸ್ಕಿಪ್ ಮಾಡಿದರೆ ಹಾಡಿಗೂ ಅನ್ಯಾಯ, ಜೊತೆಗೆ ಆ ಬಗೆಯ ಸಂಗೀತ ನಿಮಗೆ ಬೇಡ ಎಂದು ಆಪ್‌ಗೆ ಹೇಳಿದಂತೆಯೂ ಆಗುತ್ತದೆ.

ಸೆಟ್ಟಿಂಗ್ಸ್‌ನಲ್ಲಿ, ಎಲ್ಲ ಹಾಡುಗಳ ಶಬ್ದವನ್ನು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಷನ್ ಆನ್ ಇರಲಿ. ಎರಡು ಹಾಡುಗಳಲ್ಲಿ ಶಬ್ದ ಜೋರಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಹಳೆಯ ಧ್ವನಿಮುದ್ರಣಗಳು ಸಾಮಾನ್ಯವಾಗಿ ಮೆತ್ತಗಿರುವುದರಿಂದ ಸುಮ್ಮನೆ ಸೋತುಬಿಡುತ್ತವೆ.

ಪ್ರತಿ ಹಾಡು ಎಲ್ಲಿಂದ ಸಿಕ್ಕಿತು ಎಂಬುದನ್ನು ಒಂದು ಪದದಲ್ಲಿ ಬರೆದಿಡಿ: ಸೋಮವಾರದ ಪಟ್ಟಿ, ಲೇಬಲ್, ವಾದಕ, ರೇಡಿಯೊ. ಎರಡು ತಿಂಗಳಾದ ಮೇಲೆ, ಹಿಡಿಸಿ ಉಳಿಸಿಕೊಂಡ ಹಾಡುಗಳನ್ನು ನೋಡಿದರೆ ನಿಮಗೆ ಯಾವ ದಾರಿ ಫಲ ಕೊಡುತ್ತಿದೆ ಎನ್ನುವುದು ಕಾಣುತ್ತದೆ. ಫಲ ಕೊಡದ ದಾರಿಗೆ ಸಮಯ ಹಾಕಬೇಡಿ.

ಪರವಾನಗಿ ಮುಗಿದರೆ ಹಾಡುಗಳು ಆಪ್‌ನಿಂದ ಹೇಳದೆ ಕೇಳದೆ ಮಾಯವಾಗುತ್ತವೆ, ಪ್ಲೇಲಿಸ್ಟ್‌ನಲ್ಲಿ ಬೂದು ಬಣ್ಣದ ಸಾಲು ಮಾತ್ರ ಉಳಿಯುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಮೂರು ತಿಂಗಳಿಗೊಮ್ಮೆ ಸೌಂಡೀಝ್ ಅಥವಾ ಟ್ಯೂನ್‌ಮೈಮ್ಯೂಸಿಕ್ ತಾಣ ಬಳಸಿ ಪ್ಲೇಲಿಸ್ಟನ್ನು ಫೈಲ್ ಆಗಿ ಇಳಿಸಿಕೊಳ್ಳಿ. ಹಾಡು, ಕಲಾವಿದರು, ಆಲ್ಬಂ ಮೂರೂ ಹೆಸರು ಅದರಲ್ಲಿದ್ದರೆ, ಆ ಧ್ವನಿಮುದ್ರಣವನ್ನು ಬೇರೆ ಕಡೆ ಮತ್ತೆ ಹುಡುಕಿಕೊಳ್ಳಬಹುದು.